ಸಾವಿನ ಭಯವನ್ನು ಬಿಡಿಸಿ ನೋಡುವುದು ಹೇಗೆ

ಸಾವಿನ ಭಯ ಅಂತ ನಾವು ಕರೆಯುವುದು ಒಂದೇ ಭಯ ಅಲ್ಲ. ನಾಲ್ಕೈದು ಭಯಗಳು ಸೇರಿ ಗಂಟು ಬಿದ್ದಿರುತ್ತವೆ. ನೋವಿನ ಭಯ ಬೇರೆ. ಮಕ್ಕಳ ಗತಿ ಏನು ಅನ್ನೋದು ಬೇರೆ. ಹತ್ತಿರ ಯಾರೂ ಇಲ್ಲದೆ ಜೀವ ಹೋದರೆ ಅನ್ನೋದು ಬೇರೆ. ನಾನೇ ಇರಲ್ಲವಲ್ಲ ಅನ್ನೋದು ಇನ್ನೂ ಬೇರೆ. ಗಂಟನ್ನು ಹಾಗೇ ಹಿಡಿದುಕೊಂಡು ಕೂತರೆ ಏನೂ ಮಾಡಲಿಕ್ಕಾಗುವುದಿಲ್ಲ. ಒಂದೊಂದೇ ಎಳೆ ಬಿಡಿಸಿದರೆ ಬಹುಪಾಲಿಗೆ ಮಾಡುವ ಕೆಲಸ ಇದೆ.

ನಾನು ನರ್ಸ್. ಮೈಸೂರಿನಲ್ಲಿದ್ದೇನೆ. ತುಂಬಾ ವರ್ಷ ವಾರ್ಡಿನಲ್ಲಿ ದುಡಿದು, ಆಮೇಲೆ ಮನೆಮನೆಗೆ ಹೋಗಿ ಆರೈಕೆ ಮಾಡುವ ತಂಡ ಸೇರಿದೆ. ನಂಜನಗೂಡು, ತಿ. ನರಸೀಪುರ, ಶ್ರೀರಂಗಪಟ್ಟಣದ ಕಡೆಯ ಹಳ್ಳಿಗಳೇ ಜಾಸ್ತಿ. ಕಾಯಿಲೆ ವಾಸಿಯಾಗುವ ಹಂತ ದಾಟಿದವರ ಮನೆಗಳು ಅವು. ನೋವು ಕಡಿಮೆ ಮಾಡುವುದು, ಗಾಯ ಕಟ್ಟುವುದು, ಮನೆಯವರಿಗೆ ಹೇಳಿಕೊಡುವುದು ನಮ್ಮ ಕೆಲಸ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅಂತಾರೆ.

ಆ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಏನಂದರೆ, ಹಾಸಿಗೆ ಹಿಡಿದವರಿಗಿಂತ ಸುತ್ತ ನಿಂತವರಿಗೆ ಭಯ ಜಾಸ್ತಿ. ಅಜ್ಜಿಯ ಡ್ರೆಸಿಂಗ್ ಮುಗಿಸಿ ಕೈ ತೊಳೆಯುವಾಗ, ಬಚ್ಚಲ ಬಾಗಿಲಿಗೆ ಬಂದು ಮೆಲ್ಲಗೆ ಕೇಳುವವರು ಮಗನೋ ಸೊಸೆಯೋ ಆಗಿರುತ್ತಾರೆ. "ಸಿಸ್ಟರ್, ನಂಗೆ ರಾತ್ರಿ ನಿದ್ದೆ ಬರಲ್ಲ. ನಾನೂ ಹೀಗೇ ಸಾಯ್ತೀನಲ್ವಾ ಅನ್ಸುತ್ತೆ." ಈ ಬರಹ ಅವರಿಗೆ. ಮೈಯಲ್ಲಿ ಏನೂ ಕಾಯಿಲೆ ಇಲ್ಲದಿದ್ದರೂ ಸಾವಿನ ಯೋಚನೆಯಿಂದ ಹಣ್ಣಾಗುತ್ತಿರುವ ಎಲ್ಲರಿಗೂ.

ನಡುರಾತ್ರಿ ಗಾಬರಿ ಬಂದಾಗ

ಮೊದಲು ಇದನ್ನೇ ಹೇಳಬೇಕು. ಗಾಬರಿಯಲ್ಲಿ ಇರುವವರಿಗೆ ಉಳಿದ ಯಾವ ಮಾತೂ ಕಿವಿಗೆ ಹೋಗುವುದಿಲ್ಲ.

ಎದೆ ಡವಡವ ಅನ್ನುತ್ತದೆ. ಅಂಗೈ ಬೆವರುತ್ತದೆ. ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ. ಈಗಲೇ ಜೀವ ಹೋಗುತ್ತದೆ ಅನ್ನುವ ಖಾತ್ರಿ ಬೇರೆ. ಇದು ಪ್ಯಾನಿಕ್ ಅಟ್ಯಾಕ್. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಅದನ್ನು ನಿಲ್ಲಿಸಲು ಹೋಗಬೇಡಿ, ಇಳಿಯಲು ಬಿಡಿ. ಎದ್ದು ಕೂತು ಕಾಲನ್ನು ನೆಲಕ್ಕೆ ಊರಿ. ಮೂಗಿನಿಂದ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ, ತುಟಿ ಸಣ್ಣಗೆ ಮಾಡಿ ಆರು ಎಣಿಸುತ್ತಾ ಬಿಡಿ. ಬಿಡುವ ಉಸಿರೇ ಉದ್ದ ಇರಬೇಕು. ಗಾಬರಿಯಲ್ಲಿ ನಾವು ಜೋರಾಗಿ ಉಸಿರು ಎಳೆಯುತ್ತಲೇ ಇರುತ್ತೇವೆ. ಅದಕ್ಕೇ ತಲೆ ತಿರುಗುವುದು, ಬೆರಳು ಜುಮ್ಮೆನ್ನುವುದು.

ಫೋನ್ ಮುಟ್ಟಬೇಡಿ. ರಾತ್ರಿ ಎರಡು ಗಂಟೆಗೆ ರೋಗಲಕ್ಷಣ ಹುಡುಕಿ ನೆಮ್ಮದಿ ಕಂಡವರನ್ನು ನಾನು ನೋಡಿಲ್ಲ. ದೀಪ ಹಾಕಿ, ನೀರು ಕುಡಿಯಿರಿ, ಮನೆಯಲ್ಲಿ ಯಾರಾದರೂ ಎಚ್ಚರ ಇದ್ದರೆ "ನಂಗೆ ಗಾಬರಿ ಆಗ್ತಿದೆ, ಸುಮ್ನೆ ಪಕ್ಕದಲ್ಲಿ ಕೂತ್ಕೋ" ಅನ್ನಿ. ಅಷ್ಟು ಸಾಕು.

ಒಂದು ಎಚ್ಚರಿಕೆ. ಎದೆ ಹಿಡಿದ ಹಾಗೆ ಆಗಿ, ನೋವು ಎಡತೋಳಿಗೋ ದವಡೆಗೋ ಹರಡಿ, ತಣ್ಣನೆ ಬೆವರು ಬಂದರೆ ಅದನ್ನು ಗಾಬರಿ ಅಂತ ನೀವೇ ತೀರ್ಮಾನ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಮೊದಲ ಸಲ ಹೀಗಾದವರು ಒಂದು ಇಸಿಜಿ ಮಾಡಿಸಲೇಬೇಕು. ಹೃದಯ ಸರಿಯಿದೆ ಅಂತ ವೈದ್ಯರು ಹೇಳಿದ ಮೇಲೆ, ಮುಂದಿನ ಸಲ ಮೇಲೆ ಹೇಳಿದ್ದನ್ನು ಮಾಡಿ.

ಹಗಲಲ್ಲಿ ಕೂತು ಬರೆಯಿರಿ

ಯೋಚನೆ ಮಾಡುವ ಕೆಲಸ ಹಗಲಿನದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. "ಸತ್ತರೆ ನನಗೆ ಯಾವುದು ಎಲ್ಲಕ್ಕಿಂತ ಕಷ್ಟ?" ಅಂತ ಮೇಲೆ ಬರೆದು, ಕೆಳಗೆ ಬಂದದ್ದನ್ನೆಲ್ಲ ಬರೆಯಿರಿ. ಚೆಂದ ಬರೆಯಬೇಕಾಗಿಲ್ಲ. "ಉಸಿರು ಕಟ್ಟುತ್ತೆ." "ಸಾಲ ಇದೆ." "ಅಣ್ಣನ ಜೊತೆ ಮಾತು ಬಿಟ್ಟಿದೀನಿ." "ಮಗಳ ಮದುವೆ ನೋಡಲ್ಲ." "ಸುಡ್ತಾರಲ್ಲ." ಹೀಗೆ. ಬರೆದು ಮುಗಿಸಿದ ಮೇಲೆ, ಪ್ರತಿ ಸಾಲಿನ ಪಕ್ಕ ಇದಕ್ಕೆ ಏನಾದರೂ ಮಾಡಬಹುದಾ ಇಲ್ಲವಾ ಅಂತ ಗುರುತು ಹಾಕಿ.

ಲಂಡನ್ನಿನ ಸಿಸಿಲಿ ಸಾಂಡರ್ಸ್ ಅನ್ನುವ ಹೆಣ್ಣುಮಗಳು ಮೊದಲು ನರ್ಸ್ ಆಗಿದ್ದರು, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರೂ ಆದರು. 1967ರಲ್ಲಿ ಅವರು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದರು. ಹಾಸ್ಪಿಸ್ ಅಂದರೆ ಕೊನೆಯ ಹಂತದಲ್ಲಿರುವವರನ್ನು ನೋಡಿಕೊಳ್ಳುವ ಜಾಗ. ಸಾಯುತ್ತಿರುವವರ ನೋವು ಮೈಯೊಂದರದ್ದಲ್ಲ, ಮನಸ್ಸಿನದು, ಸಂಸಾರದ್ದು, ದೇವರು ಧರ್ಮದ ಪ್ರಶ್ನೆಗಳದ್ದು, ಎಲ್ಲ ಸೇರಿದ್ದು ಅಂತ ಅವರು ಕಲಿಸಿದರು. ನಾವು ಇವತ್ತಿಗೂ ಹಾಗೇ ವಿಂಗಡಿಸಿ ಕೇಳುತ್ತೇವೆ. ನಿಮ್ಮ ನೋಟ್‌ಬುಕ್ಕಿನಲ್ಲೂ ಅದೇ ಕೆಲಸ.

ನಂಜನಗೂಡಿನ ಕಡೆ ಒಬ್ಬರು ಬಸ್ ಡ್ರೈವರ್ ಆಗಿ ನಿವೃತ್ತರಾದವರಿದ್ದರು. ಶ್ವಾಸಕೋಶದ ಕ್ಯಾನ್ಸರ್. "ಸಾವು ಅಂದ್ರೆ ನಡುಕ ಬರುತ್ತೆ" ಅನ್ನುತ್ತಿದ್ದರು. ಎರಡು ಮೂರು ಸಲ ಕೂತು ಮಾತಾಡಿದ ಮೇಲೆ ಬಾಯಿಬಿಟ್ಟರು. "ಸಾಯೋದಕ್ಕಲ್ಲ ಸಿಸ್ಟರ್. ನೀರಲ್ಲಿ ಮುಳುಗ್ದಂಗೆ ಉಸಿರು ಕಟ್ಕೊಂಡು ಹೋಗ್ತೀನಲ್ಲ, ಅದಕ್ಕೆ." ಅಲ್ಲಿಂದ ನಮ್ಮ ಕೆಲಸ ಸುಲಭ ಆಯಿತು. ಮುಂದಕ್ಕೆ ಬಾಗಿ ದಿಂಬಿನ ಮೇಲೆ ಮೊಣಕೈ ಊರಿ ಕೂರುವುದನ್ನು ಹೇಳಿಕೊಟ್ಟೆವು. ಟೇಬಲ್ ಫ್ಯಾನ್ ತಂದು ಗಾಳಿ ನೇರ ಕೆನ್ನೆಗೆ, ಮೂಗಿನ ಬಳಿಗೆ ಬೀಸುವ ಹಾಗೆ ಇಟ್ಟೆವು. ಮುಖಕ್ಕೆ ತಣ್ಣನೆ ಗಾಳಿ ತಾಗಿದರೆ ಏದುಸಿರಿನ ಸಂಕಟ ಕಡಿಮೆ ಅನ್ನಿಸುತ್ತದೆ. ಡಾಕ್ಟರ್ ಕಡಿಮೆ ಪ್ರಮಾಣದ ಮಾರ್ಫಿನ್ ಬರೆದುಕೊಟ್ಟರು. ಅದು ಬಲವಾದ ನೋವಿನ ಔಷಧಿ, ಏದುಸಿರಿನ ಸಂಕಟವನ್ನೂ ಇಳಿಸುತ್ತದೆ. ಆಮೇಲೆ ಅವರು ಸಾವಿನ ಮಾತು ಎತ್ತಿದ್ದೇ ಕಮ್ಮಿ. ಮೊಮ್ಮಗನಿಗೆ ಘಾಟ್ ರಸ್ತೆಯಲ್ಲಿ ಬಸ್ ಇಳಿಸುವುದು ಹೇಗೆ ಅಂತ ಹೇಳುತ್ತಾ ಕೂರುತ್ತಿದ್ದರು.

ನೋವು, ಮತ್ತು ಕೊನೆಯ ದಿನಗಳು ಹೇಗಿರುತ್ತವೆ ಅನ್ನೋದು

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಗೊತ್ತಿಲ್ಲದ್ದರಿಂದಲೇ ಇಲ್ಲಿ ಭಯ ಜಾಸ್ತಿ. ಓದಲು ಕಷ್ಟ ಅನ್ನಿಸಿದರೆ ಇವತ್ತು ಬಿಡಿ, ಇನ್ನೊಂದು ದಿನ ಓದಿ.

ಮೊದಲು ಮಾರ್ಫಿನ್ ವಿಷಯ. ನಮ್ಮ ಕಡೆ ಅದನ್ನು "ಕೊನೇ ಮಾತ್ರೆ" ಅಂದುಕೊಂಡು ಹೆದರುತ್ತಾರೆ. ಅದು ಕೊನೆಯ ಮಾತ್ರೆ ಅಲ್ಲ, ನೋವಿನ ಮಾತ್ರೆ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ನಿಧಾನವಾಗಿ ಏರಿಸುತ್ತಾ ಹೋದರೆ ಉಸಿರು ನಿಲ್ಲಿಸುವುದಿಲ್ಲ, ಆಯಸ್ಸು ಕಡಿಮೆ ಮಾಡುವುದಿಲ್ಲ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ, ಅದಕ್ಕೆ ಜೊತೆಗೇ ಔಷಧಿ ಕೊಡುತ್ತಾರೆ. ಮುಂಚೆ ಕಾನೂನಿನ ತೊಡಕುಗಳಿಂದ ಇದು ಸಿಗುವುದೇ ಕಷ್ಟ ಇತ್ತು. 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಿದ್ದುಪಡಿ ಆಗಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಲಭ ಆಯಿತು. ಕ್ಯಾನ್ಸರ್ ಕೊನೆಯ ಹಂತದಲ್ಲಿ ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. 1999ರಿಂದ ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ. ನರಳಿ ನರಳಿಯೇ ಸಾಯಬೇಕು ಅನ್ನುವ ಕಾಲ ಹೋಗಿದೆ. ನೋವಿಗೆ ಔಷಧಿ ಕೇಳುವುದು ನಿಮ್ಮ ಹಕ್ಕು ಅಂತ ಈಗಲೇ ತಿಳಿದಿಟ್ಟುಕೊಳ್ಳಿ.

ಈಗ ಕೊನೆಯ ದಿನಗಳು. ದೀರ್ಘ ಕಾಯಿಲೆಯ ಸಾವು ಸಾಮಾನ್ಯವಾಗಿ ನಿಧಾನವಾಗಿ ಬರುತ್ತದೆ. ಮೊದಲು ಊಟ ಕಡಿಮೆ ಆಗುತ್ತದೆ. ಎರಡು ತುತ್ತು ಗಂಜಿ ಸಾಕು ಅನ್ನುತ್ತಾರೆ, ಆಮೇಲೆ ಅದೂ ಬೇಡ. ಮನೆಯವರಿಗೆ ಇದೇ ಎಲ್ಲಕ್ಕಿಂತ ಸಂಕಟ. "ಹಸ್ಕೊಂಡೇ ಹೋಗ್ತಾರಲ್ಲ ಸಿಸ್ಟರ್" ಅಂತ ಅಳುತ್ತಾರೆ. ಆ ಹೊತ್ತಿಗೆ ಮೈಗೆ ಹಸಿವೆಯೇ ಇರುವುದಿಲ್ಲ. ಒತ್ತಾಯ ಮಾಡಿ ತುರುಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ.

ಆಮೇಲೆ ನಿದ್ದೆ ಜಾಸ್ತಿ. ಹಗಲೂ ರಾತ್ರಿಯೂ ಮಂಪರು. ಕರೆದರೆ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚುತ್ತಾರೆ. ಕೈಕಾಲು ತಣ್ಣಗಾಗುತ್ತವೆ. ಪಾದದಿಂದ ಮೊಣಕಾಲಿನ ತನಕ ಚರ್ಮದ ಮೇಲೆ ನೇರಳೆ ಬಣ್ಣದ ಮಚ್ಚೆ ಮಚ್ಚೆ ಕಾಣಬಹುದು. ರಕ್ತ ಒಳಗಿನ ಅಂಗಗಳ ಕಡೆ ಸರಿಯುತ್ತಿದೆ ಅಂತ ಅರ್ಥ, ಅವರಿಗೆ ಚಳಿ ಆಗುತ್ತಿದೆ ಅಂತ ಅಲ್ಲ. ಒಂದು ಹಗುರ ಹೊದಿಕೆ ಸಾಕು.

ಕೊನೆಗೆ ಉಸಿರಿನ ಲಯ ಬದಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮೇಲುಸಿರು ಅಂತಾರೆ. ಜೋರಾಗಿ ನಾಲ್ಕಾರು ಉಸಿರು, ಆಮೇಲೆ ಸಣ್ಣಗಾಗುತ್ತಾ ಹೋಗಿ ನಿಂತೇಹೋಯಿತು ಅನ್ನುವಷ್ಟು ಬಿಡುವು, ಮತ್ತೆ ಶುರು. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಕೇಳುವವರಿಗೆ ಎದೆ ಹಿಂಡುವ ಸದ್ದು ಅದು. ಉಗುಳು ನುಂಗುವ ಶಕ್ತಿ ಹೋಗಿರುವುದರಿಂದ ಹಾಗಾಗುತ್ತದೆ. ಆ ಹೊತ್ತಿಗೆ ಅವರಿಗೆ ಪ್ರಜ್ಞೆ ಇರುವುದು ತೀರಾ ಕಡಿಮೆ, ನಮಗೆ ಆಗುವ ಸಂಕಟ ಅವರಿಗೆ ಆಗುತ್ತಿರುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಸದ್ದು ಇಳಿಯುತ್ತದೆ. ಬಾಯಿಗೆ ಗಂಗಾಜಲ, ತುಳಸಿ ನೀರು ಬಿಡುವ ಪದ್ಧತಿ ಇದ್ದರೆ ಚಮಚದಲ್ಲಿ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯಬಹುದು. ತೆಳು ಬಟ್ಟೆ ಅದ್ದಿ ತುಟಿ, ನಾಲಿಗೆ ಒದ್ದೆ ಮಾಡಿ.

ಮಾತಾಡುವುದನ್ನು ಮಾತ್ರ ನಿಲ್ಲಿಸಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ಗಂಟೆಗಳಲ್ಲಿ ಕರೆದರೂ ಓಗೊಡದ ಕೆಲವರ ಮೆದುಳು ಶಬ್ದಕ್ಕೆ ಸ್ಪಂದಿಸಿದ್ದು ದಾಖಲಾಗಿದೆ. ಸೊಸೆಯಂದಿರಿಗೆ ನಾನು ಇದನ್ನೇ ಹೇಳುವುದು. ಕಾಲ ಹತ್ತಿರ ಅಳುವ ಬದಲು ಕಿವಿ ಹತ್ತಿರ ಕೂತು "ಅತ್ತೆ, ಎಮ್ಮೆ ಕರೆದಾಯ್ತು, ಹುಡುಗ್ರು ಊಟ ಮಾಡಿದ್ರು" ಅನ್ನಿ. ಕೇಳಿಸಿದರೆ ಅವರಿಗೆ ಬೇಕಾದ ಸುದ್ದಿ ಅದೇ ಅಲ್ವಾ?

ಇಷ್ಟು ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇದು. ಸರಿಯಾದ ಔಷಧಿ, ಪಕ್ಕದಲ್ಲಿ ಒಬ್ಬರು ಇದ್ದರೆ, ಹೆಚ್ಚಿನವರ ಕೊನೆ ನಾವು ಕಲ್ಪನೆ ಮಾಡಿಕೊಂಡಷ್ಟು ಭಯಂಕರ ಇರುವುದಿಲ್ಲ. ಎಲ್ಲರದ್ದೂ ಸುಲಭ ಅಂತ ಹೇಳಲಾರೆ. ಹೆಚ್ಚಿನವರದ್ದು ಮಂಪರಿನಲ್ಲೇ ಮುಗಿಯುತ್ತದೆ.

ಬಿಟ್ಟುಹೋಗುವವರ ಚಿಂತೆ

ನೋಟ್‌ಬುಕ್ಕಿನ ಅರ್ಧ ಸಾಲುಗಳು ಇಲ್ಲಿಗೇ ಬರುತ್ತವೆ. ಇವಕ್ಕೆ ಧ್ಯಾನ ಬೇಡ, ಕಾಗದಪತ್ರ ಬೇಕು.

ಉಯಿಲು ಬರೆಯಿರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಆಸ್ತಿ ಪಡೆಯುವವರೇ ಸಾಕ್ಷಿ ಆಗದಿರಲಿ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಮುಸ್ಲಿಮರಿಗೆ ವೈಯಕ್ತಿಕ ಕಾನೂನಿನ ನಿಯಮ ಬೇರೆ ಇದೆ, ವಕೀಲರನ್ನು ಕೇಳಿ. ಬ್ಯಾಂಕಿನಲ್ಲಿ ನಾಮಿನಿ ಹೆಸರು ನೋಡಿಕೊಳ್ಳಿ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನರ ತನಕ ಹೆಸರಿಸಬಹುದು. ಸಾಲ ಎಲ್ಲಿ, ಚೀಟಿ ಎಲ್ಲಿ, ವಿಮೆ ಎಲ್ಲಿ ಅಂತ ಒಂದು ಪುಟ ಬರೆದು, ಅದು ಎಲ್ಲಿದೆ ಅಂತ ಒಬ್ಬರಿಗಾದರೂ ಹೇಳಿ.

ವೆಂಟಿಲೇಟರ್ ಹಾಕಿ ಎಳೆಯುತ್ತಾರೇನೋ ಅನ್ನುವ ಭಯ ಇದ್ದರೆ, ಅದಕ್ಕೂ ಕಾನೂನಿನ ದಾರಿ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. 2023ರಲ್ಲಿ ವಿಧಾನ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. 18 ವರ್ಷ ದಾಟಿದ, ಬುದ್ಧಿ ಸ್ವಾಧೀನ ಇರುವ ಯಾರಾದರೂ ಲಿವಿಂಗ್ ವಿಲ್, ಅಂದರೆ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ತಿಳಿಸುವ ಪತ್ರ, ಬರೆಯಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರ ಯಾರು ಮಾತಾಡಬೇಕು ಅಂತ ಅದರಲ್ಲಿ ಹೆಸರಿಸಬೇಕು. ಯಾರ ಹೆಸರು ಬರೆಯುತ್ತೀರೋ ಅವರ ಜೊತೆ ಮೊದಲು ಕೂತು ಮಾತಾಡಿ. ಆ ಮಾತುಕತೆಯೇ ಕಾಗದಕ್ಕಿಂತ ದೊಡ್ಡದು ಅಂತ ನನ್ನ ನಂಬಿಕೆ.

ಒಬ್ಬ ತಾಯಿ ನೆನಪಾಗುತ್ತಾರೆ. ಮಗಳಿಗೆ ಮೂವತ್ತು ದಾಟಿದೆ, ಬುದ್ಧಿ ಬೆಳವಣಿಗೆ ಆಗಿಲ್ಲ, ಜಡೆ ಹಾಕಿಕೊಳ್ಳಲೂ ಬರುವುದಿಲ್ಲ. "ನಂಗೆ ಸಾಯೋಕೆ ಟೈಮ್ ಇಲ್ಲ ಸಿಸ್ಟರ್" ಅನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಸಮಾಧಾನದ ಮಾತಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಇಂಥ ಮಕ್ಕಳಿಗೆ 18 ದಾಟಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ತಂಗಿಯ ಹೆಸರಿಗೆ ಆ ಕೆಲಸ ಆಯಿತು. ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಮಗಳಿಗೆ ಚಿಕ್ಕಮ್ಮನ ಕೈಯಲ್ಲೇ ಜಡೆ ಹಾಕಿಸುವುದನ್ನು ಆ ವಾರದಿಂದಲೇ ಶುರು ಮಾಡಿದರು.

ಮುನಿಸಿನ ಸಾಲುಗಳೂ ಇರುತ್ತವೆ. ಅಣ್ಣ, ತಂಗಿ, ಬೀಗರು. ಅದಕ್ಕೆ ಪತ್ರ ಬೇಡ, ಫೋನ್ ಸಾಕು. "ಹೇಗಿದೀಯಾ, ನೆನಪಾಯ್ತು" ಅಂದರೆ ಶುರು ಆಗುತ್ತದೆ. ಆ ಕಡೆಯವರು ಇಟ್ಟುಬಿಟ್ಟರೆ ನಿಮ್ಮ ಪಾಲಿನದ್ದು ಮುಗಿಯಿತು.

ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುವುದು

2025ರ ಜೂನ್, ಜುಲೈ ತಿಂಗಳು ನಿಮಗೆ ನೆನಪಿರಬಹುದು. ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು, ಅದರಲ್ಲೂ ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ಹೋದರು ಅನ್ನುವ ಸುದ್ದಿ ಟಿವಿಯಲ್ಲಿ ದಿನವಿಡೀ. ನಮ್ಮ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಆಮೇಲೆ ತಜ್ಞರ ಸಮಿತಿ ಲೆಕ್ಕ ತೆಗೆದು, ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಅಂತ ವರದಿ ಕೊಟ್ಟಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಹೀಗೇ ಆಗಿತ್ತು. ಅಷ್ಟು ಗಟ್ಟಿಮುಟ್ಟಾದ ಮನುಷ್ಯನೇ ಹೋದ ಮೇಲೆ ನಮ್ಮ ಗತಿ ಏನು ಅಂತ ಮನೆಮನೆಯಲ್ಲೂ ಮಾತು.

ತಪಾಸಣೆ ಮಾಡಿಸುವುದು ತಪ್ಪಲ್ಲ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಬ್ಬು ನೋಡಿಸಿ. ಮನೆಯಲ್ಲಿ ಹೃದಯದ ಕಾಯಿಲೆ ಇದ್ದರೆ ಡಾಕ್ಟರ್ ಹೇಳಿದಷ್ಟು ಮಾಡಿಸಿ. ಬೀಡಿ ಸಿಗರೇಟು ಬಿಡಿ. ಕಷ್ಟ ಎಲ್ಲಿ ಅಂದರೆ, ರಿಪೋರ್ಟ್ ಸರಿ ಬಂದ ಸಂತೋಷ ಒಂದು ವಾರವೂ ಉಳಿಯುವುದಿಲ್ಲ. ಮತ್ತೆ ಎದೆ ಚುಳ್ ಅಂದರೆ ಇನ್ನೊಬ್ಬ ಡಾಕ್ಟರ್, ಇನ್ನೊಂದು ಸ್ಕ್ಯಾನ್. ಹೀಗೆ ಓಡಿದಷ್ಟೂ ಭಯಕ್ಕೆ ಬಲ ಬರುತ್ತದೆ. ಪ್ರತಿ ಸಲ ಓಡಿದಾಗಲೂ "ಓಡಿದ್ದಕ್ಕೇ ಬದುಕಿದೆ" ಅಂತ ಮನಸ್ಸು ಕಲಿಯುತ್ತದೆ.

ಹಾಗಾಗಿ ಒಬ್ಬರೇ ಡಾಕ್ಟರ್ ಇಟ್ಟುಕೊಳ್ಳಿ. ನಾಡಿ ಹಿಡಿದು ನೋಡಿಕೊಳ್ಳಬೇಕು, ಗೂಗಲ್ ಮಾಡಬೇಕು ಅನ್ನಿಸಿದಾಗ ಅರ್ಧ ಗಂಟೆ ತಡೆಯಿರಿ. ಆಮೇಲೂ ಬೇಕು ಅನ್ನಿಸಿದರೆ ಮಾಡಿ. ಮುಂದಿನ ವಾರ ಒಂದು ಗಂಟೆ ತಡೆಯಿರಿ. ಯೋಚನೆಗೂ ಒಂದು ಹೊತ್ತು ಗೊತ್ತುಮಾಡಿ. ಸಂಜೆ ಆರರಿಂದ ಆರೂಕಾಲು ಸಾವಿನ ಚಿಂತೆಗೆ. ಬೆಳಿಗ್ಗೆ ಬಂದರೆ "ಸಂಜೆ ನೋಡೋಣ" ಅಂತ ಚೀಟಿಯಲ್ಲಿ ಬರೆದಿಡಿ. ಸಂಜೆ ಹೊತ್ತಿಗೆ ಅರ್ಧ ಚೀಟಿ ಹಳಸಿರುತ್ತವೆ. ಮಾಡಿ ನೋಡಿ.

ನಾನೇ ಇರುವುದಿಲ್ಲ ಅನ್ನುವ ಭಯ

ಇದಕ್ಕೆ ಕಾಗದವೂ ಇಲ್ಲ, ಮಾತ್ರೆಯೂ ಇಲ್ಲ. ಸುಮಾರು 2300 ವರ್ಷದ ಹಿಂದೆ ಗ್ರೀಸ್‌ನ ಎಪಿಕ್ಯೂರಸ್ ಹೇಳಿದ್ದರ ಸಾರ ಇಷ್ಟು: ನಾವಿರುವ ತನಕ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಮತ್ತೆ ಹೆದರುವುದು ಯಾರು? ಲೆಕ್ಕ ಮಾಡುವ ಬುದ್ಧಿಯವರಿಗೆ ಇದು ತಂಪು ಕೊಡುತ್ತದೆ. ಎಲ್ಲರಿಗೂ ಕೊಡುವುದಿಲ್ಲ. ದೇವರನ್ನು ನಂಬುವವರಿಗೆ ಬೇರೆ ಆಸರೆ ಇದೆ. ನಿಮ್ಮ ನಂಬಿಕೆ ಯಾವುದೋ ಅದನ್ನೇ ಹಿಡಿದುಕೊಳ್ಳಿ, ಇಲ್ಲದಿದ್ದರೆ ಬಲವಂತವಾಗಿ ತಂದುಕೊಳ್ಳಬೇಡಿ.

ನಾನು ಕಣ್ಣಾರೆ ಕಂಡಿದ್ದನ್ನು ಹೇಳಬಲ್ಲೆ. ಇರುವಾಗಲೇ ಒಪ್ಪಿಸಿಕೊಟ್ಟವರಿಗೆ ಈ ಭಯ ಹಗುರ. ತಿ. ನರಸೀಪುರದ ಹತ್ತಿರದ ಒಬ್ಬ ತಾತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇಬ್ಬರಿಂದ ಹೊರಿಸಿಕೊಂಡು ತೋಟವನ್ನೆಲ್ಲ ಸುತ್ತಿದರು. ಜೊತೆಗೆ ಮೊಮ್ಮಗ. ಈ ತೆಂಗು ನಿಮ್ಮಪ್ಪ ಹುಟ್ಟಿದ ವರ್ಷದ್ದು, ಆ ಮರಕ್ಕೆ ಕಾಂಡ ಸೋರುವ ರೋಗ, ಇಲ್ಲಿ ಪೈಪು ಒಡೆದರೆ ಗೇಟ್‌ವಾಲ್ ಅಲ್ಲಿದೆ, ಪಕ್ಕದ ಹೊಲದವನಿಗೆ ವಾರಕ್ಕೆ ಒಂದು ದಿನ ನೀರು ಬಿಡಬೇಕು, ಮಾತು ಕೊಟ್ಟಿದ್ದೀನಿ. ಹುಡುಗ ಮೊಬೈಲಿನಲ್ಲಿ ವೀಡಿಯೋ ಮಾಡುತ್ತಿದ್ದ. ವಾಪಸ್ ಬಂದು ಮಲಗಿ, "ಈಗ ಆಯ್ತು" ಅಂದರು.

ನಿಮಗೆ ತೋಟ ಇಲ್ಲದಿರಬಹುದು. ಹುಳಿಪುಡಿಯ ಅಳತೆ ಇರುತ್ತದೆ, ಹೊಲಿಗೆ ಇರುತ್ತದೆ, ಲೆಕ್ಕ ಬರೆಯುವ ಕ್ರಮ ಇರುತ್ತದೆ. ಈ ವರ್ಷ ಒಬ್ಬರಿಗೆ ಒಂದನ್ನು ಕಲಿಸಿ. ಕಣ್ಣು ದಾನಕ್ಕೂ ಹೆಸರು ಕೊಡಿ. ಪುನೀತ್ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಕನ್ನಡಕ ಇದ್ದವರು, ಪೊರೆ ಆಪರೇಷನ್ ಆದವರು, ಬಿಪಿ ಸಕ್ಕರೆ ಇದ್ದವರೂ ಕೊಡಬಹುದು. ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಷ್ಟರೊಳಗೆ ಮನೆಯವರು ಫೋನ್ ಮಾಡಬೇಕಲ್ಲ, ಅದಕ್ಕೇ ಅವರಿಗೆ ಮೊದಲೇ ಹೇಳಿಡಿ. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದು ಹಾಕಿ.

ಸಾವಿನ ಮನೆಗೆ ಹೋಗಿ ಬನ್ನಿ

ಭಯ ಇರುವವರು ಸಾವಿನ ಮನೆ ತಪ್ಪಿಸುತ್ತಾರೆ. ಪೇಪರಿನ ನಿಧನ ವಾರ್ತೆಯ ಪುಟ ಮಡಚಿಡುತ್ತಾರೆ. ಶವದ ಮೆರವಣಿಗೆಯ ತಮಟೆ ಕೇಳಿದರೆ ಕಿಟಕಿ ಹಾಕುತ್ತಾರೆ. ಇದು ಆ ಹೊತ್ತಿಗೆ ಹಾಯೆನಿಸುತ್ತದೆ, ಭಯವನ್ನು ಮಾತ್ರ ಬೆಳೆಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗಿ. ಮೊದಲ ವಾರ ದಿನಾ ನಿಧನ ವಾರ್ತೆ ಓದಿ, ಹೆಸರು, ವಯಸ್ಸು, ಊರು. ಆಮೇಲೆ ಹಾಲು-ತುಪ್ಪಕ್ಕೋ ತಿಥಿಗೋ ಹೋಗಿ, ಮನೆಯವರನ್ನು ಮಾತಾಡಿಸಿ ಬನ್ನಿ. ಅದಾದ ಮೇಲೆ ಒಂದು ಮಣ್ಣಿಗೆ ಹೋಗಿ. ಪ್ರತಿ ಮೆಟ್ಟಿಲಲ್ಲೂ ಎದೆ ಹೊಡೆದುಕೊಳ್ಳುವುದು ಇಳಿಯುವ ತನಕ ಅಲ್ಲೇ ನಿಲ್ಲಿ, ಅರ್ಧಕ್ಕೆ ಓಡಿ ಬರಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆಂಗಸರನ್ನು ಸ್ಮಶಾನಕ್ಕೆ ಬಿಡುವುದಿಲ್ಲ. ಹೋಗಬೇಕು ಅನ್ನಿಸಿದವರನ್ನು ತಡೆಯಬಾರದು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಕಣ್ಣಲ್ಲಿ ನೋಡಿ ಬಂದ ಹೆಣ್ಣುಮಕ್ಕಳು ಕಲ್ಪನೆ ಮಾಡಿಕೊಂಡು ಕೂತವರಿಗಿಂತ ಬೇಗ ಸಮಾಧಾನ ಆಗಿದ್ದಾರೆ.

ಮಕ್ಕಳು ಕೇಳಿದರೆ "ಅಜ್ಜಿ ಮಲಗಿದ್ದಾರೆ" ಅನ್ನಬೇಡಿ. ಆ ಮಗು ರಾತ್ರಿ ಮಲಗಲು ಹೆದರುತ್ತದೆ. "ಅಜ್ಜಿಯ ಮೈ ಕೆಲಸ ನಿಲ್ಲಿಸಿತು, ಇನ್ನು ಅವರಿಗೆ ನೋವಾಗಲ್ಲ, ಹಸಿವಾಗಲ್ಲ, ವಾಪಸ್ ಬರಲ್ಲ" ಅಂತ ಹೇಳಿ. ನೀವು ಅತ್ತರೆ ಅಳುವುದನ್ನೂ ನೋಡಲಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅಜ್ಜಿಗೆ ಇಷ್ಟವಾದ ಒಬ್ಬಟ್ಟನ್ನು ಮಗುವಿನ ಕೈಯಲ್ಲೇ ಬಡಿಸಿ.

ವೈದ್ಯರ ಹತ್ತಿರ ಯಾವಾಗ

ಸಾವಿನ ಯೋಚನೆಯಿಂದ ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ವಾರಗಟ್ಟಲೆ ನಿದ್ದೆ ಇಲ್ಲ, ಗಾಬರಿ ಪದೇ ಪದೇ ಬರುತ್ತಿದೆ ಅಂದರೆ ಸಹಾಯ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾನಸಿಕ ಆರೋಗ್ಯದ ಆಸ್ಪತ್ರೆಗಳು ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಮೇಲೆ ಹೇಳಿದ ತಡೆಯುವುದು, ಹತ್ತಿರ ಹೋಗುವುದು ಇವನ್ನೆಲ್ಲ ಅಲ್ಲಿ ಸಿಬಿಟಿ ಅನ್ನುವ, ಯೋಚನೆ ಮತ್ತು ನಡವಳಿಕೆ ಬದಲಿಸಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆಯಲ್ಲಿ ಕ್ರಮವಾಗಿ ಕಲಿಸುತ್ತಾರೆ. ಸಾಯಬೇಕು ಅನ್ನಿಸುತ್ತಿದ್ದರೆ ನಾಳೆ ತನಕ ಕಾಯಬೇಡಿ, ಈಗಲೇ ಫೋನ್ ಮಾಡಿ, ಮನೆಯವರಿಗೂ ಹೇಳಿ.

ಅಪ್ಪ ಅಮ್ಮ ಮಾತು ತೆಗೆದಾಗ

ವಯಸ್ಸಾದವರು ಇದ್ದಕ್ಕಿದ್ದ ಹಾಗೆ ಹೇಳುತ್ತಾರೆ. "ನಾನು ಹೋದ ಮೇಲೆ ಆ ಪೆಟ್ಟಿಗೆ ನಿಂಗೆ." ನಾವು ತಕ್ಷಣ "ಬಿಡ್ತು ಅನ್ನಿ, ನಿಮಗೇನಾಗುತ್ತೆ" ಅಂತ ಬಾಯಿ ಮುಚ್ಚಿಸುತ್ತೇವೆ. ಪ್ರೀತಿಯಿಂದಲೇ. ಆದರೆ ಅವರಿಗೆ ಹೇಳಿಕೊಳ್ಳಲು ಇರುವುದು ನಾವೇ ಅಲ್ವಾ? ಮುಂದಿನ ಸಲ ಟಿವಿ ಆರಿಸಿ ಹತ್ತಿರ ಕೂತುಕೊಳ್ಳಿ. ಮೂರು ಪ್ರಶ್ನೆ ಕೇಳಿ. "ನಿಮಗೆ ಯಾವುದರ ಚಿಂತೆ ಜಾಸ್ತಿ?" "ತೀರಾ ಹುಷಾರು ತಪ್ಪಿದರೆ ಎಲ್ಲಿರೋಕೆ ಇಷ್ಟ, ಮನೆಯಲ್ಲಾ ಆಸ್ಪತ್ರೆಯಲ್ಲಾ?" "ನಾವು ಏನು ಮಾಡಬಾರದು?" ಉತ್ತರ ಬರುವ ತನಕ ಕಾಯಿರಿ. ಮಧ್ಯೆ ಬಾಯಿ ಹಾಕಬೇಡಿ, ಸಮಾಧಾನ ಹೇಳಬೇಡಿ. ಒಂದೇ ದಿನ ಎಲ್ಲ ಮುಗಿಯುವುದಿಲ್ಲ, ಇನ್ನೊಂದು ಭಾನುವಾರ ಮುಂದುವರಿಸಿ. ಅವರು ಹೇಳಿದ್ದನ್ನು ಅವತ್ತೇ, ಅವರ ಮಾತಿನಲ್ಲೇ ಬರೆದಿಡಿ, ತಾರೀಖು ಹಾಕಿ, ಅವರಿಗೇ ಓದಿ ಹೇಳಿ. ತಿದ್ದುವುದಿದ್ದರೆ ತಿದ್ದಲಿ.